ಡೀಸೆಲ್ ಪಂಪ್ ಬಿಚ್ಚಿಸುವ ಮೊದಲು

ಪ್ರಶ್ನೆ: ನನ್ನದು 1996ರಲ್ಲಿ ತಯಾರಾದ, 1.9 ಲೀಟರ್ ಎಂಜಿನ್ನಿನ, ರೋಟರಿ ಪಂಪ್ (ಎಲ್ಲ ಸಿಲಿಂಡರುಗಳಿಗೂ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಹಂಚುವ ಪಂಪ್) ಇರುವ ಹಳೆಯ ಡೀಸೆಲ್ ಕಾರು, ಸುಮಾರು 2.6 ಲಕ್ಷ ಕಿಲೋಮೀಟರ್ ಓಡಿದೆ. ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ 20 ಸೆಕೆಂಡಿನಷ್ಟು ಸೆಲ್ಫ್ ಹೊಡೆದರೆ ಮಾತ್ರ ಶುರುವಾಗುತ್ತದೆ. ಮೊದಲು ಹೊಗೆಯೇ ಇರುವುದಿಲ್ಲ, ಆಮೇಲೆ ಬಿಳಿ ಹೊಗೆ ಬಂದು ಎಂಜಿನ್ ಹಿಡಿದುಕೊಳ್ಳುತ್ತದೆ. ಹಗಲಿನಲ್ಲಿ ಎಷ್ಟು ಸಲ ನಿಲ್ಲಿಸಿದರೂ ಕೀಲಿ ತಿರುಗಿಸಿದ ಕೂಡಲೇ ಶುರುವಾಗುತ್ತದೆ. ಇದಲ್ಲದೆ, ಹೆದ್ದಾರಿಯಲ್ಲಿ ಅರ್ಧ ಗಂಟೆ ವೇಗವಾಗಿ ಓಡಿಸಿದ ಮೇಲೆ ಏರಿನಲ್ಲಿ ಎಳೆತ ಕುಗ್ಗುತ್ತದೆ. ಬದಿಗೆ ನಿಲ್ಲಿಸಿ 10 ನಿಮಿಷ ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಫಿಲ್ಟರ್ ಎರಡು ಸಲ ಬದಲಾಯಿಸಿದ್ದೇನೆ, ಹೀಟರ್ ಪ್ಲಗ್‌ಗಳು (ತಣ್ಣಗಿರುವ ಎಂಜಿನ್ ಶುರುವಾಗಲು ಸಿಲಿಂಡರನ್ನು ಬಿಸಿ ಮಾಡುವವು) ಹೊಸವು, ಎಲ್ಲಿಯೂ ಡೀಸೆಲ್ ಸೋರಿದ ಗುರುತಿಲ್ಲ. ಪಂಪ್ ಸವೆದಿದೆ, ಬಿಚ್ಚಿಸಿ ರಿಪೇರಿ ಮಾಡಿಸಲೇಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನಿಮ್ಮ ಮೆಕ್ಯಾನಿಕ್ ಹೇಳುವುದು ಸುಳ್ಳೆಂದು ನಾನು ಹೇಳುತ್ತಿಲ್ಲ. ಅಷ್ಟು ಓಡಿದ ಕಾರಿನ ಪಂಪ್ ಸ್ವಲ್ಪ ಸವೆದೇ ಇರುತ್ತದೆ. ಆದರೆ ನೀವು ಬರೆದಿರುವ ಲಕ್ಷಣಗಳು ಪಂಪಿನ ಕಡೆಗೆ ಬೆರಳು ತೋರಿಸುತ್ತಿಲ್ಲ. ಪಂಪಿಗೆ ಡೀಸೆಲ್ ಗಾಳಿಯಿಲ್ಲದೆ, ತಡೆಯಿಲ್ಲದೆ ಬಂದು ಸೇರುತ್ತಿದೆ ಎಂಬುದು ಖಚಿತವಾಗುವವರೆಗೆ ಪಂಪಿನ ಮೇಲೆ ಸ್ಪ್ಯಾನರ್ ಇಡಬಾರದು. ನನ್ನ ಅಂದಾಜಿನಲ್ಲಿ ನಿಮ್ಮ ಕಾರಿಗೆ ಇರುವುದು ಒಂದು ಕಾಯಿಲೆಯಲ್ಲ, ಎರಡು: ಬೆಳಗಿನ ತೊಂದರೆಗೆ ಗಾಳಿ ಕಾರಣ, ಏರಿನ ತೊಂದರೆಗೆ ಡೀಸೆಲ್ಲಿನ ದಾರಿಯಲ್ಲಿರುವ ತಡೆ ಕಾರಣ. ಎರಡನ್ನೂ ಒಂದೇ ಎಂದು ಭಾವಿಸಿ ಹುಡುಕುವುದರಿಂದಲೇ ಇಂಥ ಕಾರುಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುತ್ತವೆ.

ಮೊದಲು ಪಂಪನ್ನು ಏಕೆ ಆರೋಪಿಯ ಸ್ಥಾನದಿಂದ ಇಳಿಸಿದೆ ಎಂದು ಹೇಳುತ್ತೇನೆ. ರೋಟರಿ ಪಂಪಿನಲ್ಲಿ ಹೆಚ್ಚಿನ ಒತ್ತಡ ಹುಟ್ಟುವುದು ಪ್ಲಂಜರ್ (ಡೀಸೆಲ್ಲನ್ನು ಒತ್ತುವ ದಂಡ) ಮತ್ತು ಅದರ ಕೋಶದ ನಡುವಿನ ಅತಿ ಸಣ್ಣ ಅಂತರದ ಬಲದ ಮೇಲೆ. ಆ ಅಂತರ ಸವೆತದಿಂದ ಹಿಗ್ಗಿದಾಗ ಒಳಗೇ ಸೋರಿಕೆ ಶುರುವಾಗುತ್ತದೆ, ಮತ್ತು ಡೀಸೆಲ್ ಬಿಸಿಯಾಗಿ ತೆಳುವಾದಷ್ಟೂ ಆ ಸೋರಿಕೆ ಹೆಚ್ಚುತ್ತದೆ. ಆದ್ದರಿಂದ ಸವೆದ ಪಂಪಿನ ಕಾರು ಬೆಳಿಗ್ಗೆ ತಣ್ಣಗಿರುವಾಗ ಚೆನ್ನಾಗಿಯೇ ಶುರುವಾಗಿ, ಬಿಸಿ ಎಂಜಿನ್ನನ್ನು ನಿಲ್ಲಿಸಿ ಕಾಲು ಗಂಟೆಯ ನಂತರ ಕೀಲಿ ತಿರುಗಿಸಿದಾಗ ಹಟ ಮಾಡುತ್ತದೆ. ಅಂಥ ಹೊತ್ತಿನಲ್ಲಿ ಪಂಪಿನ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ ತಣಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ; ಇದು ಹಳಬರು ಬಲ್ಲ ಪರೀಕ್ಷೆ. (ಬಿಸಿ ಪಂಪಿನ ಮೇಲೆ ಬಕೆಟ್ಟಿನಿಂದ ನೀರು ಸುರಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.) ನಿಮ್ಮ ಕಾರಿನದು ಇದಕ್ಕೆ ತದ್ವಿರುದ್ಧ: ತಣ್ಣಗೆ ನಿಂತಾಗ ತೊಂದರೆ, ಬಿಸಿಯಲ್ಲಿ ಸರಾಗ.

ಹೊಗೆಯ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಸಾಮಾನ್ಯವಾಗಿ ಅದನ್ನು ಯಾರೂ ಹೇಳುವುದಿಲ್ಲ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಅಥವಾ ಬೂದು ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ. ಆಗ ಹೀಟರ್ ಪ್ಲಗ್, ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳುವ ಬಲ), ಪಂಪಿನ ಟೈಮಿಂಗ್ (ಅದು ಡೀಸೆಲ್ ಕಳಿಸುವ ಕ್ಷಣ) ಇವುಗಳನ್ನು ನೋಡಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಹೋಗುತ್ತಲೇ ಇಲ್ಲ. ನಿಮ್ಮಲ್ಲಿ ಮೊದಲು ಏನೂ ಇಲ್ಲ, ಆಮೇಲೆ ಬಿಳಿ ಹೊಗೆ, ಕೂಡಲೇ ಎಂಜಿನ್ ಶುರು. ಅಂದರೆ ಡೀಸೆಲ್ ಬರುತ್ತದೆ, ತಡವಾಗಿ ಬರುತ್ತದೆ. ರಾತ್ರಿ ಅದು ತಾನಿರಬೇಕಾದ ಜಾಗದಿಂದ ಹಿಂದೆ ಸರಿದಿದೆ. ಕಪ್ಪು ಹೊಗೆಯಿದ್ದಿದ್ದರೆ ಮಾತೇ ಬೇರೆ; ಅದು ಡೀಸೆಲ್ ಹೆಚ್ಚಾದ ಅಥವಾ ಗಾಳಿ ಕಡಿಮೆಯಾದ ಕಥೆ, ಅದಕ್ಕೆ ಈ ಉತ್ತರದಲ್ಲಿ ಜಾಗವಿಲ್ಲ.

ಡೀಸೆಲ್ ಏಕೆ ಹಿಂದೆ ಸರಿಯುತ್ತದೆ ಎಂಬುದಕ್ಕೆ ಅದರ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಹಾದುಬರಬೇಕು. ನಿಮ್ಮಂಥ ಹೆಚ್ಚಿನ ಕಾರುಗಳಲ್ಲಿ ಟ್ಯಾಂಕಿನೊಳಗೆ ಡೀಸೆಲ್ ಎತ್ತಿಕೊಡುವ ಬೇರೆ ಪಂಪ್ ಇಲ್ಲ. ರೋಟರಿ ಪಂಪಿನ ಹೊಟ್ಟೆಯಲ್ಲೇ ಇರುವ ಚಿಕ್ಕ ವೇನ್ ಪಂಪ್ ಟ್ಯಾಂಕಿನ ಜಾಲರಿಯಿಂದ ಹಿಡಿದು, ಉದ್ದನೆಯ ಪೈಪು, ಕೈಪಂಪು, ಫಿಲ್ಟರ್ ಇಷ್ಟನ್ನೂ ದಾಟಿಸಿ ಡೀಸೆಲ್ಲನ್ನು ಹೀರಿಕೊಳ್ಳುತ್ತದೆ. ಹೀರುವ ಕಡೆಯಲ್ಲಿ ಪೈಪಿನ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಆದ್ದರಿಂದ ಅಲ್ಲಿ ಒಂದು ಕೂದಲೆಳೆಯಷ್ಟು ಬಿರುಕಿದ್ದರೂ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಿಮಗೆ ಸೋರಿದ ಗುರುತು ಕಾಣಿಸದಿರುವುದಕ್ಕೆ ಇದೇ ಕಾರಣ. ಒಣಗಿರುವ ಜಾಯಿಂಟು ಚೆನ್ನಾಗಿರುವ ಜಾಯಿಂಟಲ್ಲ. ಎಂಜಿನ್ ಓಡುತ್ತಿರುವಾಗ ಆ ಸ್ವಲ್ಪ ಗಾಳಿ ಗುಳ್ಳೆಗಳಾಗಿ ಪಂಪಿನೊಳಗೆ ಹೋಗಿ ಓವರ್‌ಫ್ಲೋ ಪೈಪಿನ ಮೂಲಕ ಟ್ಯಾಂಕಿಗೆ ವಾಪಸಾಗುತ್ತದೆ, ನಿಮಗೆ ತಿಳಿಯುವುದೂ ಇಲ್ಲ. ನಿಲ್ಲಿಸಿದ ಮೇಲೆ ಅದೇ ಬಿರುಕಿನಿಂದ ಗಾಳಿ ನಿಧಾನವಾಗಿ ಸೇರುತ್ತ, ಪಂಪಿಗಿಂತ ತಗ್ಗಿನಲ್ಲಿರುವ ಟ್ಯಾಂಕಿನತ್ತ ಡೀಸೆಲ್ ಇಳಿಯುತ್ತ ಹೋಗುತ್ತದೆ. ಹಗಲಿನ ಒಂದೆರಡು ಗಂಟೆಯಲ್ಲಿ ಅಷ್ಟು ಇಳಿಯುವುದಿಲ್ಲ, ಇಡೀ ರಾತ್ರಿಗೆ ಇಳಿಯುತ್ತದೆ.

ಇದನ್ನು ಯಾವ ಉಪಕರಣವೂ ಇಲ್ಲದೆ ಖಚಿತಪಡಿಸಿಕೊಳ್ಳಬಹುದು. ಒಂದು ರಾತ್ರಿ ಕಾರನ್ನು ಮೂತಿ ತಗ್ಗಿನ ಕಡೆಗೆ ಇರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಮರುದಿನ ಮೂತಿ ಮೇಲಾಗಿ ನಿಲ್ಲಿಸಿ (ಎರಡು ಸಲವೂ ಚಕ್ರಕ್ಕೆ ಕಲ್ಲು ಕೊಡಲು ಮರೆಯಬೇಡಿ). ಮೂತಿ ತಗ್ಗಿದ್ದ ಬೆಳಿಗ್ಗೆ ಸಲೀಸಾಗಿ ಶುರುವಾಗಿ, ಮೂತಿ ಮೇಲಿದ್ದ ಬೆಳಿಗ್ಗೆ ಇನ್ನಷ್ಟು ಸತಾಯಿಸಿದರೆ ಗಾಳಿಯ ಸಂಗತಿ ಬಹುಮಟ್ಟಿಗೆ ಸಾಬೀತಾದಂತೆ. ಇಳಿಜಾರು ಇಲ್ಲದವರಿಗೆ ಇನ್ನೊಂದು ದಾರಿಯಿದೆ: ಬೆಳಿಗ್ಗೆ ಕೀಲಿ ಮುಟ್ಟುವ ಮೊದಲು ಫಿಲ್ಟರಿನ ಮೇಲಿರುವ ಕೈಪಂಪನ್ನು ಒತ್ತಿ ನೋಡಿ. ಹಿಂದಿನ ಸಂಜೆ ಗಟ್ಟಿಯಾಗಿದ್ದ ಕೈಪಂಪು ಬೆಳಿಗ್ಗೆ ಸಪ್ಪೆಯಾಗಿ ಒಳಗೆ ಹೋಗುತ್ತಿದ್ದು, ಹತ್ತು ಹದಿನೈದು ಸಲ ಒತ್ತಿದ ಮೇಲೆ ಗಟ್ಟಿಯಾದರೆ, ಆ ಬಳಿಕ ಎಂಜಿನ್ ಮೊದಲ ಸುತ್ತಿಗೇ ಶುರುವಾದರೆ, ಪಂಪ್ ಬಿಚ್ಚಿಸುವ ಮಾತನ್ನು ಸದ್ಯಕ್ಕೆ ಮರೆತುಬಿಡಬಹುದು. ಪರೀಕ್ಷೆಯ ದಿನಗಳಲ್ಲಿ ಸೆಲ್ಫನ್ನು ಒಂದೇ ಸಮನೆ 20 ಸೆಕೆಂಡು ಹೊಡೆಯಬೇಡಿ. 10 ಸೆಕೆಂಡಿಗೆ ನಿಲ್ಲಿಸಿ, ಅರ್ಧ ನಿಮಿಷವಾದರೂ ಬಿಡುವು ಕೊಡಿ. ಈಥರ್ ಸ್ಪ್ರೇ ಹೊಡೆಯುವ ಅಭ್ಯಾಸವಂತೂ ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಅಪಾಯಕಾರಿ, ಬಿಸಿ ಪ್ಲಗ್ಗಿಗೆ ತಾಗಿ ಹೊತ್ತಬಾರದ ಹೊತ್ತಿನಲ್ಲಿ ಹೊತ್ತಿಕೊಳ್ಳುತ್ತದೆ.

ಗಾಳಿ ಇದೆ ಎಂದು ಗೊತ್ತಾದ ಮೇಲೆ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಕೆಲಸಕ್ಕೆ ನನ್ನ ಮಟ್ಟಿಗೆ ಒಂದೂವರೆ ಅಡಿ ಪಾರದರ್ಶಕ ಹೋಸಿಗಿಂತ ಒಳ್ಳೆಯ ಉಪಕರಣವಿಲ್ಲ. ಫಿಲ್ಟರಿನಿಂದ ಪಂಪಿಗೆ ಹೋಗುವ ರಬ್ಬರ್ ಪೈಪನ್ನು ತೆಗೆದು, ಅಷ್ಟೇ ದಪ್ಪದ, ಡೀಸೆಲ್ಲಿಗೆ ಹಾಳಾಗದ ಪಾರದರ್ಶಕ ಹೋಸನ್ನು ಹೊಸ ಕ್ಲಾಂಪ್ ಸಮೇತ ಹಾಕಿ, ನಡುವೆ ಮೇಲ್ಮುಖವಾಗಿ ಒಂದು ಕಮಾನು ಬರುವಂತೆ ಕಟ್ಟಿ. ಕೈಪಂಪಿನಿಂದ ತುಂಬಿಸಿ, ಎಂಜಿನ್ ಶುರು ಮಾಡಿ, ಕಾರನ್ನು ಸ್ವಲ್ಪ ಓಡಿಸಿ ತಂದು, ಟಾರ್ಚ್ ಹಿಡಿದು ನೋಡಿ. ಫಿಲ್ಟರ್ ಬಿಚ್ಚಿ ಹಾಕಿದ ಮೊದಲ ಕೆಲವು ನಿಮಿಷ ಗುಳ್ಳೆಗಳು ಬರುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಕಮಾನಿನ ತುದಿಯಲ್ಲಿ ಒಂದು ಪುಟ್ಟ ಗುಳ್ಳೆ ಅಲುಗದೆ ಕುಳಿತಿದ್ದರೂ ಚಿಂತೆಯಿಲ್ಲ. ಆದರೆ 15 ಕಿಲೋಮೀಟರ್ ಓಡಿಸಿ ಬಂದ ಮೇಲೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲುಗಟ್ಟಿ ಹರಿಯುತ್ತಿದ್ದರೆ, ಎಂಜಿನ್ನಿನ ವೇಗ ಹೆಚ್ಚಿಸಿದಾಗ ಆ ಸಾಲು ದಟ್ಟವಾದರೆ, ಅದು ಜೀವಂತ ಸೋರಿಕೆ. ಸಂಜೆ ನಿಲ್ಲಿಸುವಾಗ ತುಂಬಿದ್ದ ಹೋಸು ಬೆಳಿಗ್ಗೆ ಬರಿದಾಗಿ, ಹಳದಿ ಬಣ್ಣದ ಅಂಚೊಂದು ಕೆಳಗೆಲ್ಲೋ ನಿಂತಿರುವುದನ್ನು ಒಮ್ಮೆ ಕಣ್ಣಾರೆ ನೋಡಿದರೆ ಬಾಕಿ ವಿವರಣೆ ಬೇಡ. ಇಂಥದೇ ಇನ್ನೊಂದು ತುಂಡನ್ನು ಓವರ್‌ಫ್ಲೋ ಪೈಪಿಗೂ ಹಾಕಿ. ಒಳಗೆ ಬರುವ ಡೀಸೆಲ್ ಶುಭ್ರವಾಗಿದ್ದು ವಾಪಸು ಹೋಗುವುದರಲ್ಲಿ ಮಾತ್ರ ಗುಳ್ಳೆ ಕಂಡರೆ, ಆಗ ಪಂಪಿನ ಸ್ವಂತ ಸೀಲುಗಳ ಮೇಲೆ ಅನುಮಾನ ಪಡಲು ಆಧಾರ ಸಿಗುತ್ತದೆ.

ಇನ್ನು ಗಾಳಿ ನುಗ್ಗುವ ಜಾಗಗಳು. ಎರಡು ಸಲ ಫಿಲ್ಟರ್ ಬದಲಾಯಿಸಿದ್ದೀರಿ ಎಂದ ಕೂಡಲೇ ನನ್ನ ಅನುಮಾನ ಮೊದಲು ಹೋದದ್ದು ಅಲ್ಲಿಗೇ. ಕೆಲವು ವರ್ಷಗಳ ಹಿಂದೆ ನನ್ನ ಮುಂದೆ ಬಂದ ಒಂದು ಕಾರಿಗೆ ಆಗಲೇ ಪಂಪ್ ರಿಪೇರಿ ಒಂದು ಸಲ, ನಾಜಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ರಿಪೇರಿ ಒಂದು ಸಲ ಆಗಿತ್ತು. ಬೆಳಗಿನ ಹಟ ಮಾತ್ರ ಹಾಗೆಯೇ ಇತ್ತು. ಫಿಲ್ಟರ್ ಬಿಚ್ಚಿ ಅದರ ತಲೆಯ ತಳಭಾಗವನ್ನು ಬೆರಳಿನಿಂದ ಸವರಿದಾಗ, ಗೀರಿನೊಳಗೆ ಕಪ್ಪಗೆ, ಚಪ್ಪಟೆಯಾಗಿ, ಲೋಹದ್ದೇ ಭಾಗವೆನ್ನುವಂತೆ ಹಳೆಯ ಸೀಲಿಂಗ್ ರಿಂಗ್ ಕಚ್ಚಿಕೊಂಡಿತ್ತು. ಅದರ ಮೇಲೆಯೇ ಹೊಸ ರಿಂಗ್ ಕೂರಿಸಿ ಬಿಗಿದಿದ್ದರು. ಸೂಜಿಯಿಂದ ಕೆದಕಿ ತೆಗೆದಾಗ ಎರಡು ತುಂಡಾಗಿ ಬಂತು. ಆ ಕಾರಿಗೆ ಬೇರೆ ಯಾವ ರೋಗವೂ ಇರಲಿಲ್ಲ. ಆದ್ದರಿಂದ ನಿಮ್ಮ ಫಿಲ್ಟರನ್ನು ಇನ್ನೊಮ್ಮೆ ಬಿಚ್ಚಿ, ಮೇಲಿನ ದೊಡ್ಡ ರಿಂಗ್, ನಡುವಿನ ಬೋಲ್ಟಿನ ಚಿಕ್ಕ ರಿಂಗ್, ತಳದಲ್ಲಿ ನೀರು ಬಿಡುವ ತಿರುಪಿನ ವಾಷರ್ ಇವನ್ನೆಲ್ಲ ಬೆಳಕಿನಲ್ಲಿ ನೋಡಿ. ಹೊಸ ಫಿಲ್ಟರಿಗೆ ಡೀಸೆಲ್ ತುಂಬಿಸಿಯೇ ಹಾಕಬೇಕೆಂದು ಹಟ ಹಿಡಿಯುವವರಿದ್ದಾರೆ. ತುಂಬಿಸುವುದಾದರೆ ಸೋಸುವ ಕಾಗದದ ಹೊರಗಿನ ಕಡೆಗೆ, ಅಂದರೆ ಡೀಸೆಲ್ ಒಳಬರುವ ಕಡೆಗೆ ಮಾತ್ರ ಸುರಿಯಿರಿ. ಪಂಪಿಗೆ ಹೋಗುವ ಕಡೆಗೆ ಸುರಿದ ಡೀಸೆಲ್ಲಿನಲ್ಲಿ ಒಂದು ಕಣ ಕಸವಿದ್ದರೂ ಅದನ್ನು ತಡೆಯುವವರು ಮುಂದೆ ಯಾರೂ ಇಲ್ಲ.

ಫಿಲ್ಟರ್ ಆದ ಮೇಲೆ ಕೈಪಂಪು. ಅದರ ರಬ್ಬರ್ ಪೊರೆ ಒಣಗಿ ಬಿರುಕು ಬಿಟ್ಟರೆ ಗಾಳಿ ಎಳೆಯುತ್ತದೆ, ಒಳಗಿನ ಕವಾಟ ಸರಿಯಾಗಿ ಕೂರದಿದ್ದರೆ ಡೀಸೆಲ್ಲನ್ನು ಹಿಂದಕ್ಕೆ ಬಿಡುತ್ತದೆ. ಆಮೇಲೆ ರಬ್ಬರ್ ಹೋಸುಗಳ ತುದಿಗಳು: ಕ್ಲಾಂಪ್ ಬಿಗಿಯಾಗಿಯೇ ಇದ್ದರೂ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ನಾಜಲ್‌ನಿಂದ ನಾಜಲ್‌ಗೆ ಹೋಗುವ, ಬಟ್ಟೆಯ ಹೊದಿಕೆಯ ಸಣ್ಣ ಓವರ್‌ಫ್ಲೋ ಹೋಸುಗಳನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಕೊನೆಯ ನಾಜಲಿನ ತುದಿಯಲ್ಲಿರುವ ಮುಚ್ಚಿದ ರಬ್ಬರ್ ಟೋಪಿಯನ್ನಂತೂ ಮರೆತೇಬಿಡುತ್ತಾರೆ. ಇವು ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ನಾಜಲಿನ ಬುಡ ಒದ್ದೆಯಾಗುತ್ತದೆ, ನಿಂತಾಗ ಅದೇ ಬಿರುಕು ಗಾಳಿಯ ಬಾಗಿಲಾಗುತ್ತದೆ. ಇಡೀ ಸಾಲನ್ನು ಒಟ್ಟಿಗೆ ಬದಲಾಯಿಸಿಬಿಡಿ, ಒಂದೊಂದಾಗಿ ಹಾಕುತ್ತ ಕೂರುವಂಥ ವಸ್ತುವಲ್ಲ ಅದು. ಇಂದಿನ ಗಂಧಕ ಕಡಿಮೆಯಿರುವ ಡೀಸೆಲ್ಲಿಗೂ ಹಳೆಯ ನೈಟ್ರೈಲ್ ರಬ್ಬರ್ ಸೀಲುಗಳಿಗೂ ಅಷ್ಟಾಗಿ ಹೊಂದಿಕೆಯಿಲ್ಲ. ಹಳೆಯ ಡೀಸೆಲ್ಲಿನಲ್ಲಿ ವರ್ಷಗಟ್ಟಲೆ ಉಬ್ಬಿ ಕುಳಿತಿದ್ದ ಸೀಲು ಹೊಸದರಲ್ಲಿ ಕುಗ್ಗಿ ಸೋರಲು ತೊಡಗಿದ ಉದಾಹರಣೆಗಳು ಬೇಕಾದಷ್ಟಿವೆ. ಬದಲಿಗೆ ಹಾಕುವಾಗ ವಿಟಾನ್ (ಡೀಸೆಲ್ಲಿಗೆ ಜಗ್ಗದ ಒಂದು ಬಗೆಯ ರಬ್ಬರ್) ಸೀಲು ಕೇಳಿ ಪಡೆಯಿರಿ.

ಕೈಪಂಪು ಫಿಲ್ಟರಿಗಿಂತ ಹಿಂದೆ, ಅಂದರೆ ಟ್ಯಾಂಕಿನ ಕಡೆಗೆ, ಇದ್ದರೆ ಒಂದು ಅನುಕೂಲವಿದೆ. ಅದನ್ನು ಒತ್ತಿದಾಗ ಅದರ ಮುಂದಿನ ಭಾಗದಲ್ಲಿ ಎಂದೂ ಇಲ್ಲದ ಒತ್ತಡ ಹುಟ್ಟುತ್ತದೆ, ಆದ್ದರಿಂದ ಗಾಳಿ ಎಳೆಯುವ ಜಾಗ ಆ ಕ್ಷಣಕ್ಕೆ ಡೀಸೆಲ್ ಒಸರುವ ಜಾಗವಾಗುತ್ತದೆ. ಜಾಯಿಂಟುಗಳನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ಇನ್ನೊಬ್ಬರಿಂದ ಕೈಪಂಪು ಒತ್ತಿಸುತ್ತ ನೋಡುತ್ತಿರಿ. ಬಿಳಿ ಪುಡಿಯ ಮೇಲೆ ಮೂಡುವ ಕಪ್ಪು ಚುಕ್ಕೆಯೇ ನಿಮಗೆ ಬೇಕಾದ ವಿಳಾಸ.

ಎರಡನೆಯ ಕಾಯಿಲೆಗೆ ಬರೋಣ. ಅರ್ಧ ಗಂಟೆಯ ವೇಗದ ಓಟದ ಮೇಲೆ ಎಳೆತ ಕುಗ್ಗುವುದು, 10 ನಿಮಿಷ ನಿಂತರೆ ಸರಿಹೋಗುವುದು, ಇದು ತಡೆಯ ನಡತೆ. ರೋಟರಿ ಪಂಪ್ ಎಂಜಿನ್ ಉರಿಸುವುದಕ್ಕಿಂತ ಎಷ್ಟೋ ಹೆಚ್ಚು ಡೀಸೆಲ್ಲನ್ನು ಎಳೆದುಕೊಂಡು, ಮಿಕ್ಕಿದ್ದನ್ನು ತನ್ನನ್ನು ತಣಿಸಿಕೊಳ್ಳಲು ಬಳಸಿ ವಾಪಸು ಕಳಿಸುತ್ತದೆ. ಎಂಜಿನ್ನಿನ ವೇಗ ಹೆಚ್ಚಿದಷ್ಟೂ ಪಂಪ್ ಹೀರುವುದೂ ಹೆಚ್ಚು. ಆದ್ದರಿಂದ ದಾರಿ ಅರ್ಧ ಮುಚ್ಚಿದ್ದರೂ ಊರೊಳಗಿನ ನಿಧಾನದ ಓಟದಲ್ಲಿ ಏನೂ ಗೊತ್ತಾಗುವುದಿಲ್ಲ; ವೇಗ ಮತ್ತು ಭಾರ ಎರಡೂ ಸೇರಿದಾಗ ಮಾತ್ರ ಪಂಪಿಗೆ ಉಸಿರು ಸಾಲದಾಗುತ್ತದೆ.

ಇಲ್ಲಿ ಅತಿ ಸುಲಭದ ಪರೀಕ್ಷೆಯಿಂದ ಶುರು ಮಾಡಿ. ಮುಂದಿನ ಸಲ ಎಳೆತ ಕುಗ್ಗಿದ ಕೂಡಲೇ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಟ್ಯಾಂಕಿನ ಮುಚ್ಚಳ ತಿರುಗಿಸಿ. ಬುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿ, 10 ನಿಮಿಷ ಕಾಯದೆಯೇ ಎಂಜಿನ್ ಸರಿಹೋದರೆ, ಟ್ಯಾಂಕ್ ಉಸಿರಾಡುವ ಸಣ್ಣ ಪೈಪು ಕಟ್ಟಿಕೊಂಡಿದೆ. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ, ಪಂಪ್ ಅದರ ವಿರುದ್ಧ ಎಳೆಯುತ್ತಿದೆ. ಸದ್ದೂ ಇಲ್ಲ, ಕಾಯದೆ ಸರಿಹೋಗುವುದೂ ಇಲ್ಲ ಎಂದಾದರೆ ನನ್ನ ಪಣ ಟ್ಯಾಂಕಿನೊಳಗಿನ ಜಾಲರಿಯ ಮೇಲೆ. ತಳದಲ್ಲಿ ತೇಲಾಡುವ ಕಸವನ್ನು ಹೀರುವ ಬಲ ನಿಧಾನವಾಗಿ ಜಾಲರಿಗೆ ತಂದು ಅಂಟಿಸುತ್ತದೆ. ಎಂಜಿನ್ ನಿಲ್ಲಿಸಿದಾಗ ಆ ಬಲ ಇಲ್ಲವಾಗಿ ಕಸ ಕಳಚಿಕೊಂಡು ಕೆಳಗಿಳಿಯುತ್ತದೆ. ನಿಮ್ಮ 10 ನಿಮಿಷದ ವಿಶ್ರಾಂತಿಯಲ್ಲಿ ನಡೆಯುವುದು ಬಹುಶಃ ಇಷ್ಟೇ. ಒಂದು ಸಲ ಇದೇ ದೂರಿನ ಕಾರಿನ ಟ್ಯಾಂಕಿನಿಂದ ನಾನು ತೆಗೆದದ್ದು ಅಂಗೈಯ ಅರ್ಧದಷ್ಟಿದ್ದ ತೆಳು ಪ್ಲಾಸ್ಟಿಕ್ ಹಾಳೆ.

ಕಸವೆಂದರೆ ಹೀಗೆ ಹೊರಗಿನಿಂದ ಬಿದ್ದದ್ದೇ ಆಗಬೇಕಿಲ್ಲ. ಟ್ಯಾಂಕಿನ ತಳದಲ್ಲಿ ನೀರು ನಿಂತರೆ, ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಇದನ್ನು ತಿಳಿಯಲು ತೆಗೆದು ಹಾಕಿದ ಹಳೆಯ ಫಿಲ್ಟರನ್ನು ಎಸೆಯುವ ಮೊದಲು ಕೊಯ್ದು ಬಿಡಿಸಿ ನೋಡಿ. ಕಾಗದದ ಮಡಿಕೆಗಳಲ್ಲಿ ಕಂದು ಬಣ್ಣದ ಸಾಮಾನ್ಯ ಕೊಳೆ ಇದ್ದರೆ ಸರಿ. ಲೋಳೆ ಕೈಗಂಟಿದರೆ ಟ್ಯಾಂಕ್ ಇಳಿಸಿ ತೊಳೆಯದೆ ಗತ್ಯಂತರವಿಲ್ಲ, ಮುಂದಿನ ಹತ್ತು ಫಿಲ್ಟರೂ ಹೀಗೆಯೇ ಆಗುತ್ತವೆ. ತುಕ್ಕಿನ ಪುಡಿ ಕಂಡರೆ ಟ್ಯಾಂಕಿನ ಒಳಮೈ ಹೋಗಿದೆ ಎಂದು ತಿಳಿಯಿರಿ. ಚಳಿಪ್ರದೇಶದವರಿಗೆ ಇನ್ನೊಂದು ಸಾಧ್ಯತೆಯೂ ಉಂಟು, ಡೀಸೆಲ್ಲಿನ ಮೇಣ ಹರಳುಗಟ್ಟಿ ಫಿಲ್ಟರ್ ಮುಚ್ಚುವುದು. ಅದು ಬೇಸಿಗೆಯ ಡೀಸೆಲ್ ತುಂಬಿಸಿ ಕೊರೆಯುವ ಚಳಿಗೆ ಹೋದಾಗ ಆಗುವಂಥದು, ಬಿಸಿಲೇರಿದಾಗ ತಾನಾಗಿ ಹೋಗುತ್ತದೆ.

ಜಾಲರಿ ಕಟ್ಟಿದೆ ಎಂದು ಗೊತ್ತಾದ ಕೂಡಲೇ ಕಂಪ್ರೆಸರ್ ಗಾಳಿಯನ್ನು ಪೈಪಿನಲ್ಲಿ ಹಿಮ್ಮುಖವಾಗಿ ಊದಿ ಕಳಿಸುವುದು ಎಲ್ಲೆಡೆ ಇರುವ ಪದ್ಧತಿ. ಅದರಿಂದ ಒಂದೆರಡು ವಾರ ಕಾರು ಚೆನ್ನಾಗಿ ಓಡುತ್ತದೆ, ಏಕೆಂದರೆ ಕಸ ಜಾಲರಿಯಿಂದ ಟ್ಯಾಂಕಿಗೆ ಮರಳಿದೆಯೇ ಹೊರತು ಟ್ಯಾಂಕಿನಿಂದ ಹೊರಗೆ ಬಂದಿಲ್ಲ. ಆ ಒಂದೆರಡು ವಾರದ ಸುಖವನ್ನೇ ಪರೀಕ್ಷೆಯ ಫಲಿತಾಂಶವೆಂದು ಇಟ್ಟುಕೊಂಡು ಟ್ಯಾಂಕ್ ಇಳಿಸಿದರೆ ಊದಿದ್ದಕ್ಕೂ ಅರ್ಥ ಬರುತ್ತದೆ. ಆದರೆ ಇಲ್ಲೊಂದು ಮೋಸವಿದೆ. ಹಳೆಯ ರಬ್ಬರ್ ಹೋಸಿನ ಒಳಪದರ ಕಿತ್ತು ನಾಲಗೆಯಂತೆ ಜೋತಾಡುತ್ತಿದ್ದರೆ, ಹಿಂದಿನಿಂದ ಊದಿದಾಗ ಅದು ಒಂದು ಕಡೆಗೆ ಒರಗಿ ದಾರಿ ಬಿಡುತ್ತದೆ, ಪಂಪ್ ಎಳೆದಾಗ ಕವಾಟದಂತೆ ಮುಚ್ಚಿಕೊಳ್ಳುತ್ತದೆ. ಊದಿ ನೋಡಿದವರು ಪೈಪು ಸ್ವಚ್ಛವಾಗಿದೆ ಎಂದು ಪ್ರಮಾಣ ಮಾಡುತ್ತಾರೆ. ಹತ್ತು ವರ್ಷ ದಾಟಿದ ಹೋಸನ್ನು ಪರೀಕ್ಷಿಸುತ್ತ ಕೂರುವುದಕ್ಕಿಂತ ಬದಲಾಯಿಸುವುದೇ ಮೇಲು ಎಂದು ನಾನು ಹೇಳುವುದು ಇದಕ್ಕೇ. ಹಾಗೆಯೇ ಟ್ಯಾಂಕ್ ತುಂಬಿದ್ದಾಗ ಎರಡೂ ತೊಂದರೆ ಮಾಯವಾಗಿ, ಕಾಲು ಭಾಗಕ್ಕಿಂತ ಇಳಿದಾಗ ಕಾಣಿಸಿಕೊಳ್ಳುತ್ತವೆಯೇ ಎಂದೂ ಗಮನಿಸಿ. ಹೌದಾದರೆ ಟ್ಯಾಂಕಿನೊಳಗೆ ಇಳಿಬಿದ್ದಿರುವ ಹೀರುವ ಕೊಳವೆಯೇ ಮಧ್ಯದಲ್ಲೆಲ್ಲೋ ಬಿರುಕು ಬಿಟ್ಟಿರಬಹುದು. ಬಿರುಕು ಡೀಸೆಲ್ಲಿನಲ್ಲಿ ಮುಳುಗಿರುವಷ್ಟು ಕಾಲ ತೊಂದರೆಯಿಲ್ಲ.

ಇಷ್ಟೆಲ್ಲ ಅನುಮಾನಗಳನ್ನು ಒಂದೇ ಏಟಿಗೆ ಎರಡು ಪಾಲು ಮಾಡುವ ಪರೀಕ್ಷೆಯೊಂದಿದೆ, ಪಂಪ್ ಬಿಚ್ಚಿಸಲು ಹೊರಟವರೆಲ್ಲ ಮೊದಲು ಅದನ್ನು ಮಾಡಬೇಕೆಂಬುದು ನನ್ನ ಆಗ್ರಹ. ಶುಭ್ರವಾದ 5 ಲೀಟರಿನ ಕ್ಯಾನಿನಲ್ಲಿ ಹೊಸ ಡೀಸೆಲ್ ತುಂಬಿ, ಬಾನೆಟ್ಟಿನ ಕೆಳಗೆ ಪಂಪಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರದಲ್ಲಿ ಭದ್ರವಾಗಿ ಕಟ್ಟಿ. ಕ್ಯಾನಿನಿಂದ ಒಂದು ಹೋಸನ್ನು ನೇರವಾಗಿ ಪಂಪಿನ ಒಳದಾರಿಗೆ ಕೊಡಿ, ಓವರ್‌ಫ್ಲೋ ಹೋಸನ್ನೂ ಅದೇ ಕ್ಯಾನಿಗೆ ತಿರುಗಿಸಿ. ಕ್ಯಾನಿನ ಡೀಸೆಲ್ ನಿಜಕ್ಕೂ ಶುಭ್ರವಾಗಿರಬೇಕು, ಏಕೆಂದರೆ ಈಗ ನಡುವೆ ಫಿಲ್ಟರ್ ಇಲ್ಲ. ಸಂಶಯವಿದ್ದರೆ ದಾರಿಯಲ್ಲಿ ಒಂದು ಹೊಸ ಚಿಕ್ಕ ಫಿಲ್ಟರ್ ಸೇರಿಸಿ. ರಾತ್ರಿ ಹೀಗೆಯೇ ಬಿಟ್ಟು ಬೆಳಿಗ್ಗೆ ಶುರು ಮಾಡಿ ನೋಡಿ. ಒಂದೇ ಸುತ್ತಿಗೆ ಶುರುವಾದರೆ ಪಂಪೂ ನಾಜಲೂ ನಿರ್ದೋಷಿಗಳು, ದೋಷ ಅವುಗಳ ಹಿಂದೆ ಇದೆ. ಆಮೇಲೆ ಕ್ಯಾನಿನ ಹೋಸನ್ನು ಫಿಲ್ಟರಿನ ಒಳದಾರಿಗೆ, ಅಲ್ಲಿಂದ ಕೈಪಂಪಿನ ಹಿಂದಕ್ಕೆ, ಹೀಗೆ ಟ್ಯಾಂಕಿನ ಕಡೆಗೆ ಒಂದೊಂದೇ ಹೆಜ್ಜೆ ಸರಿಸುತ್ತ ಹೋಗಿ. ತೊಂದರೆ ಮರಳಿ ಬಂದ ಹೆಜ್ಜೆಯಲ್ಲೇ ದೋಷವಿದೆ. ಏರಿನ ತೊಂದರೆಗೆ ಕ್ಯಾನ್ ಕಟ್ಟಿಕೊಂಡು ಹೆದ್ದಾರಿಗೆ ಹೋಗಬೇಡಿ. ಅದಕ್ಕೆ ಪಂಪಿನ ಒಳದಾರಿಯಲ್ಲಿ ಟಿ ಜಾಯಿಂಟ್ ಹಾಕಿ ವ್ಯಾಕ್ಯೂಮ್ ಗೇಜ್ ಜೋಡಿಸಿದರೆ ಸಾಕು: ಹೊಸ ಫಿಲ್ಟರ್ ಇದ್ದೂ, ಎಂಜಿನ್ ವೇಗ ಹೆಚ್ಚಿಸಿದಾಗ ಮುಳ್ಳು ಏರುತ್ತಲೇ ಹೋಗುವುದಾದರೆ ತಡೆ ಫಿಲ್ಟರಿನ ಹಿಂದಿದೆ.

ಒಂದು ವಿದ್ಯುತ್ ಭಾಗವನ್ನು ಮರೆಯಬಾರದು. ಪಂಪಿನ ಮೇಲಿರುವ ಸ್ಟಾಪ್ ಸೊಲೆನಾಯ್ಡಿಗೆ (ವಿದ್ಯುತ್ತಿನಿಂದ ತೆರೆಯುವ ಕವಾಟಕ್ಕೆ) 12 ವೋಲ್ಟ್ ಸಿಕ್ಕರೆ ಮಾತ್ರ ಡೀಸೆಲ್ಲಿನ ದಾರಿ ತೆರೆಯುತ್ತದೆ. ಕೀಲಿ ತಿರುಗಿಸಿದಾಗ ಟಿಕ್ ಎಂಬ ಸದ್ದು ಕೇಳಬೇಕು. ಅದರ ವೈರು ಸಡಿಲವಾಗಿದ್ದರೆ ಎಂಜಿನ್ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ. ಡೀಸೆಲ್ ಸಾಲದೆ ನಿಲ್ಲುವ ಎಂಜಿನ್ ಹಾಗಲ್ಲ, ತಡವರಿಸಿ, ಮಿಸ್ಸಿಂಗ್ ಹೊಡೆದು, ಸೋತು ನಿಲ್ಲುತ್ತದೆ. ನಿಮ್ಮದು ಎರಡನೆಯ ಬಗೆ, ಆದ್ದರಿಂದ ಸೊಲೆನಾಯ್ಡಿನ ಗೊಡವೆ ಬೇಡ.

ಕ್ಯಾನಿನ ಪರೀಕ್ಷೆಯಲ್ಲೂ ಬೆಳಿಗ್ಗೆ ಅದೇ ಹಟ ಮಾಡಿದರೆ ಮಾತ್ರ ಮೆಕ್ಯಾನಿಕ್ ಹೇಳಿದ ದಾರಿಗೆ ಬನ್ನಿ. ಆಗಲೂ ಮೊದಲು ನೋಡಬೇಕಾದದ್ದು ಪಂಪಿನ ಎರಡು ಬ್ಯಾಂಜೋ ಬೋಲ್ಟುಗಳನ್ನು, ಅಂದರೆ ಡೀಸೆಲ್ ಪೈಪನ್ನು ಪಂಪಿಗೆ ಹಿಡಿಸುವ ಟೊಳ್ಳು ಬೋಲ್ಟುಗಳನ್ನು. ಇಂಥ ಹಲವು ಪಂಪುಗಳಲ್ಲಿ ಹೊರದಾರಿಯ ಬೋಲ್ಟಿನೊಳಗೆ ಸೂಜಿಯ ಮೊನೆಯಷ್ಟೇ ತೂತಿರುತ್ತದೆ, ಪಂಪಿನ ಒಳ ಒತ್ತಡವನ್ನು ಕಾಯುವುದು ಅದೇ. ಯಾರೋ ಬಿಚ್ಚಿ ಹಾಕುವಾಗ ಒಳದಾರಿಯದಕ್ಕೂ ಹೊರದಾರಿಯದಕ್ಕೂ ಅದಲುಬದಲು ಮಾಡಿದ್ದರೆ ಸಣ್ಣ ತೂತು ಹೀರುವ ಕಡೆ ಬಂದು ಕೂತು, ನೀವು ಹೇಳಿದ ಎಲ್ಲ ತೊಂದರೆಗಳನ್ನೂ ಅದೊಂದೇ ತಂದೊಡ್ಡಬಲ್ಲದು. ಆಮೇಲೆ ನಾಜಲ್ ಕಡೆಯ ಪೈಪುಗಳ ನಟ್ಟುಗಳನ್ನು ಒಂದು ಸುತ್ತು ಸಡಿಲಿಸಿ, ಬಟ್ಟೆ ಹೊದಿಸಿ, ಸೆಲ್ಫ್ ಹೊಡೆದಾಗ ಪ್ರತಿಯೊಂದರಲ್ಲೂ ಡೀಸೆಲ್ ಚಿಮ್ಮುತ್ತದೆಯೇ ನೋಡಬಹುದು. ನಾಜಲ್‌ಗಳನ್ನು ಬಿಚ್ಚಿ ಟೆಸ್ಟರಿಗೆ ಹಾಕಿಸಿದರೆ, ಮುಂಗೋಣೆಯಿರುವ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಚಿಕ್ಕ ಕೋಣೆಯಿರುವ) ಹಳೆಯ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 120ರಿಂದ 150 ಬಾರ್ ಒತ್ತಡಕ್ಕೆ ಮಂಜಿನಂತೆ ಸಿಂಪಡಿಸಬೇಕು, ಸಿಂಪಡಿಸುವ ಮುನ್ನ ತುದಿಯಲ್ಲಿ ಹನಿ ಕಟ್ಟಬಾರದು. ಆ ಒತ್ತಡದ ಸೆಲೆಯ ಹತ್ತಿರ ಬರಿಗೈ ತರಲೇಬೇಡಿ. ಅದು ಚರ್ಮವನ್ನು ತೂರಿ ಒಳಹೋಗುತ್ತದೆ, ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಪ್ರಕರಣ ಅದು.

ನಟ್ಟು ಸಡಿಲಿಸುವ ಈ ಉಪಾಯ ನಿಮ್ಮ ಕಾರಿನಂಥ ಯಾಂತ್ರಿಕ ಪಂಪಿಗೆ ಮಾತ್ರ. 1997ರಲ್ಲಿ ಮೊದಲ ಕಾಮನ್ ರೈಲ್ ಕಾರು (ರೈಲ್ ಎಂಬ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ, ಅಂದರೆ ಡೀಸೆಲ್ ಸಿಂಪಡಿಸುವ ಭಾಗಗಳಿಗೂ, ಹೆಚ್ಚಿನ ಒತ್ತಡದ ಡೀಸೆಲ್ ಹೋಗುವಂಥದು) ಬಂತು; ಆ ಬಗೆಯ ಎಂಜಿನ್ನುಗಳೂ ಈಗ ಹಳೆಯವೇ ಆಗಿವೆ. ಅಂಥ ಕಾರುಳ್ಳವರು ಈ ಉತ್ತರ ಓದುತ್ತಿದ್ದರೆ ಓಡುವ ಎಂಜಿನ್ನಿನಲ್ಲಿ ಆ ನಟ್ಟುಗಳನ್ನು ಮುಟ್ಟಬಾರದು, ಏಕೆಂದರೆ ಅಲ್ಲಿನ ರೈಲಿನಲ್ಲಿ ಒತ್ತಡ 1,000 ಬಾರ್ ದಾಟಿ ಮೇಲೇರುತ್ತದೆ. ಅವರು ಸ್ಕ್ಯಾನರ್ (ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸಾಧನ) ಹಾಕಿ ಸೆಲ್ಫ್ ಹೊಡೆಯುವಾಗಿನ ರೈಲ್ ಒತ್ತಡವನ್ನು ಓದಿ, ಅದು ಏರದಿದ್ದರೆ ಪ್ರತಿ ಇಂಜೆಕ್ಟರಿನ ವಾಪಸು ಪೈಪಿಗೆ ಒಂದೊಂದು ಸೀಸೆ ಕಟ್ಟಿ, ಯಾವುದು ಬೇರೆಯವುಗಳಿಗಿಂತ ಬೇಗ ತುಂಬುತ್ತದೆ ಎಂದು ನೋಡಬೇಕು. ಸ್ಕ್ಯಾನರಿನಲ್ಲಿ ಪಿ0087 ಎಂಬ ದೋಷದ ಕೋಡ್ ಬಂದಿದ್ದರೆ ಅದು ರೈಲಿನಲ್ಲಿ ಒತ್ತಡ ಕಡಿಮೆ ಎಂದಷ್ಟೇ ಹೇಳುತ್ತದೆ, ಹೈ ಪ್ರೆಶರ್ ಪಂಪ್ ಬದಲಾಯಿಸಿ ಎಂದು ಹೇಳುವುದಿಲ್ಲ. ಕಟ್ಟಿಕೊಂಡ ಫಿಲ್ಟರೂ ಅದೇ ಕೋಡನ್ನು ತರುತ್ತದೆ.

ನಿಮ್ಮ ಕಾರಿಗೆ ಮರಳಿದರೆ, ನಾನಾಗಿದ್ದರೆ ಈ ವಾರ ಇಳಿಜಾರಿನ ಪರೀಕ್ಷೆ ಮತ್ತು ಕೈಪಂಪಿನ ಪರೀಕ್ಷೆ ಮಾಡಿ, ಫಿಲ್ಟರಿನ ರಿಂಗುಗಳನ್ನು ನೋಡಿ, ನಾಜಲ್‌ಗಳ ಸಣ್ಣ ಹೋಸುಗಳನ್ನು ಟೋಪಿ ಸಮೇತ ಬದಲಾಯಿಸಿ, ಟ್ಯಾಂಕಿನ ಡೀಸೆಲ್ ಕಾಲು ಭಾಗಕ್ಕೆ ಇಳಿದಾಗ ಜಾಲರಿ ತೆಗೆಸಿ ತೊಳೆಸುತ್ತಿದ್ದೆ. ಕೆಲಸ ಮಾಡುವಾಗ ಟೈಮಿಂಗ್ ಬೆಲ್ಟಿನ ಕಡೆಗೂ ಆಲ್ಟರ್ನೇಟರಿನ ಮೇಲೂ ಡೀಸೆಲ್ ಬೀಳದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿಕೊಳ್ಳಿ. ಪಾರದರ್ಶಕ ಹೋಸು ಒಂದು ವಾರ ಇರಲಿ, ಬೆಳಿಗ್ಗೆ ಅದು ಸತತ ಮೂರು ದಿನ ತುಂಬಿಯೇ ಇದ್ದರೆ ತೆಗೆದು ಸರಿಯಾದ ರಬ್ಬರ್ ಹೋಸನ್ನೇ ಹಾಕಿ. ಎಂಜಿನ್ನಿನ ಬಿಸಿಗೆ ಪಾರದರ್ಶಕ ಹೋಸು ಕೆಲವೇ ತಿಂಗಳಲ್ಲಿ ಗಾಜಿನಂತೆ ಗಟ್ಟಿಯಾಗಿ, ಕ್ಲಾಂಪಿನ ಬುಡದಲ್ಲಿ ಸೀಳಿ, ತಾನೇ ಗಾಳಿ ಎಳೆಯಲು ಶುರು ಮಾಡುತ್ತದೆ.